ನಲವತ್ತೊಂದನೆಯ ಮಗು

ಸಿಂಧನೂರಿನ ಮಕ್ಕಳ ಮಿದುಳು ಸಂಶೋಧನಾ ಕೇಂದ್ರದಲ್ಲಿ ಡಾಕ್ಟರ್ ಶಿವಕಾಂತ ಕೊನೆಯ ಭೇಟಿಯ ದಿನ ಪೂರ್ತಿ ವರದಿಯನ್ನೂ ಒಂದು ಸ್ಟೀಲ್ ಡಬ್ಬಿಯನ್ನೂ ಶಾಹೀಸ್ತಾಳ ಮುಂದಿಟ್ಟರು. ಬಂದಾಗಲೆಲ್ಲ ಒಂದು ಡಬ್ಬಿ ಕಾಣಿಕೆ. ಹಿಂದಿನ ಆರಕ್ಕೂ ಅವಳು ಪಾತ್ರೆ ಅಂಗಡಿಯಲ್ಲಿ ಮಗನ ಹೆಸರು ಹಾಕಿಸಿದ್ದಳು.

ವರದಿಯ ಮೊದಲ ಸಾಲನ್ನು ಅವಳು ಎರಡು ಸಲ ಓದಿದಳು. ‘ಹದಿನೆಂಟು ತಿಂಗಳು: ಹೆಸರು ಕರೆದರೆ ತಿರುಗುವುದಿಲ್ಲ. ಆಟಿಸಂನ ಸ್ಪಷ್ಟ ಲಕ್ಷಣಗಳಿವೆ.’ ಮಗನಿಗೆ ಈಗ ನಾಲ್ಕೂವರೆ ವರ್ಷ. ಇನ್ನೂ ಒಂದು ಮಾತು ಆಡಿಲ್ಲ. ಕುರ್ಚಿಯ ಕೆಳಗೆ ಕೂತು ಅವಳ ಚಪ್ಪಲಿಗಳನ್ನು ಗೋಡೆಗೆ ಹೊಂದಿಸಿ ಇಡುತ್ತಿದ್ದ.

“ಸರ, ಇದು ನಿಮಗ ಮೂರು ವರ್ಷದ ಹಿಂದನ ಗೊತ್ತಿತ್ತೇನ್ರಿ?”

“ನಮ್ಮದು ಚಿಕಿತ್ಸೆ ಅಲ್ಲಮ್ಮ, ಅಧ್ಯಯನ. ಇಂಥ ಮಕ್ಕಳ ಮಿದುಳು ತಾನಾಗಿಯೇ ಹೇಗೆ ಬೆಳೆಯುತ್ತೆ ಅಂತ ನೋಡೋದು. ಹೇಳಿದ್ದರೆ ನೀವು ಎಲ್ಲೋ ತರಬೇತಿಗೆ ಹಾಕ್ತಿದ್ದಿರಿ, ಫಲಿತಾಂಶ ಕೆಡ್ತಿತ್ತು. ಒಪ್ಪಿ ಸಹಿ ಮಾಡಿದ್ದೀರಲ್ಲ?”

ಶಾಹೀಸ್ತಾ ವರದಿಯನ್ನು ಮಡಚಿ ಮೇಜಿನ ಮೇಲಿಟ್ಟಳು. ಭತ್ತದ ನಾಟಿ ಇರಲಿ, ರಂಜಾನಿನ ರೋಜಾ ಇರಲಿ, ಆರು ತಿಂಗಳಿಗೊಮ್ಮೆ ತನ್ನೂರು ಗೊರೇಬಾಳದಿಂದ ಆಟೋ ಹಿಡಿದು ತಪ್ಪದೆ ಬಂದಿದ್ದಳು. ತಲೆಗೆ ತಂತಿಗಳ ಟೋಪಿ ಹಾಕಿದಾಗ ಕೂಸು ಕಿರುಚಿಕೊಳ್ಳುತ್ತಿತ್ತು. ಅದರ ಕೈಗಳನ್ನು ಅದುಮಿ ಹಿಡಿದವಳು ತಾನೇ. ‘ಇವ ಯಾಕ ಮಾತಾಡವಲ್ಲ’ ಎಂದು ಪ್ರತಿ ಸಲ ಕೇಳಿದ್ದಳು. ‘ಗಂಡುಮಕ್ಕಳು ಮಾತಾಡೋದು ತಡ’ ಎಂದು ಇದೇ ಮಹಾನುಭಾವರು ಸಾಗಹಾಕಿದ್ದರು. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಮಾತ್ರ ಇಷ್ಟು ದಪ್ಪ ಅಕ್ಷರ: ‘ಮೊದಲ ಮೂರು ವರ್ಷ ಮಿದುಳು ಬೆಳೆಯುವ ಕಾಲ. ಒಂದು ದಿನವೂ ಕಳೆಯಬೇಡಿ.’

“ಕೂಸಿನ ಒಳ್ಳೇದಕ್ಕ ಅಂದ್ರಿ, ಸಹಿ ಮಾಡೀನಿ. ಕೂಸು ಕಾಲುವ್ಯಾಗ ಮುಣುಗಾಕತ್ತಿತ್ತು. ನೀವು ದಂಡಿ ಮ್ಯಾಲ ನಿಂತು ಬರಕೊಂಡ್ರಿ.”

“ಹಾಗಲ್ಲಮ್ಮ, ಮುಂದೆ ಹುಟ್ಟುವ ಸಾವಿರಾರು ಮಕ್ಕಳಿಗೆ…”

“ಹುಟ್ಟಿದ ಕೂಸು ಇಲ್ಲೈತ್ರಿ.”

ಅವಳು ಡಬ್ಬಿಯನ್ನು ಅವರ ಕಡೆಗೇ ತಳ್ಳಿದಳು. ಮಗನನ್ನು ಎತ್ತಿ ತಂದು, ಅವರಿಗೆ ಬೆನ್ನು ಮಾಡಿ ನಿಲ್ಲಿಸಿದಳು.

“ಹೆಸರು ಕರದ್ರ ತಿರುಗಂಗಿಲ್ಲ ಅಂತ ಬರದೀರಿ. ಏಳು ಸಲ ನೋಡೀರಿ ಇವನ್ನ. ಈಗ ಒಮ್ಮೆ ನೀವ ಕರೀರಿ.”

ಶಿವಕಾಂತ ಬಾಯಿ ತೆರೆದರು. ಹೆಸರು ಬರಲಿಲ್ಲ. ಅವರ ಕಣ್ಣು ಮೇಜಿನ ಮೇಲಿದ್ದ ಫೈಲಿನ ಕಡೆ ಹೋಯಿತು. ಅದರ ಮೇಲೆ ‘41’ ಎಂದಷ್ಟೇ ಬರೆದಿತ್ತು.