ಹೋಲಿಕೆ ಓಣಿಯ ಸನ್ಮಾನ

ಎಲ್ಲ ಊರುಗಳಂತೆ ಫಕೀರವ್ವನ ಊರಲ್ಲೂ ಎರಡು ಓಣಿಗಳಿದ್ದವು. ಎಡಗಡೆಯದು ಪ್ರಯೋಗದ ಓಣಿ. ಅಲ್ಲಿಯವರಿಗೆ ಸಂಶೋಧನಾ ಕೇಂದ್ರದ ಹೊಸ ಜೋಳದ ಬೀಜ ಸಿಗುತ್ತಿತ್ತು. ಬಲಗಡೆಯದು ಹೋಲಿಕೆಯ ಓಣಿ. ಅಲ್ಲಿಯವರು ಬಡವರಾಗಿಯೇ ಇರಬೇಕಿತ್ತು. ಇಲ್ಲದಿದ್ದರೆ ಎಡಗಡೆಯವರು ಎಷ್ಟು ಉದ್ಧಾರವಾದರೆಂದು ತಿಳಿಯುವುದು ಹೇಗೆ? ಫಕೀರವ್ವ ಹುಟ್ಟಿದ್ದು ಬಲಗಡೆ.

ಈ ವರ್ಷದ ಅತ್ಯುತ್ತಮ ಹೋಲಿಕೆ ರೈತ ಮಹಿಳೆ ಪ್ರಶಸ್ತಿ ಅವಳಿಗೇ ಬಂತು. ವಿಜ್ಞಾನಿ ಹೆಬಸೂರ ಸಾಹೇಬರು ಅವಳ ಅಂಗಳಕ್ಕೇ ಬಂದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಭಾಷಣ ಮಾಡಿದರು. "ಮೂವತ್ತು ವರ್ಷ ಆತು, ನಮ್ಮ ಫಕೀರವ್ವ ಒಂಚೂರೂ ಮುಂದ ಬರಲಿಲ್ಲ. ಇಂಥಾ ಶಿಸ್ತು ಎಲ್ಲಾರಿಗೂ ಬರಂಗಿಲ್ಲ!"

ಚಪ್ಪಾಳೆ ಬಿತ್ತು.

"ಸಾಹೇಬ್ರ, ಹೊಸಾ ಬೀಜ ಛಲೋ ಐತಿ ಅಂತ ಗೊತ್ತಾತಲ್ರಿ. ಇನ್ನರ ನಮಗೊಂದು ಬೊಗಸಿ ಕೊಡ್ರಿ," ಎಂದಳು ಫಕೀರವ್ವ.

ಸಾಹೇಬರಿಗೆ ನಿಜಕ್ಕೂ ಬೇಸರವಾಯಿತು. "ನಿಮಗ ಕೊಟ್ರ ಮುಂದಿನ ಬೀಜ ಯಾರ ಜೋಡಿ ಹೋಲಿಸೂದವ್ವಾ? ಬಡತನ ಹೋಗಲಾಡಸೂ ಕೆಲಸಕ್ಕ ನಿಮ್ಮ ಬಡತನಾನ ಆಧಾರ."

ಫೋಟೊ ತೆಗೆದಾಯಿತು. ಕೂಡಲೇ ಸಹಾಯಕನೊಬ್ಬ ಬಂದು ಅವಳ ಹೆಗಲ ಮೇಲಿನ ಶಾಲು ಮಡಿಚಿಕೊಂಡ, ಬುಟ್ಟಿಯನ್ನೂ ಎತ್ತಿಕೊಂಡ. ಅವು ಮನೆಯಲ್ಲಿ ಉಳಿದರೆ ಹೋಲಿಕೆ ಕೆಡುತ್ತದಂತೆ.

ಅಷ್ಟರಲ್ಲಿ ಅವಳ ಪುಟ್ಟ ಮೊಮ್ಮಗಳು ಬುಟ್ಟಿಯ ಬಾಳೆಹಣ್ಣೊಂದನ್ನು ಸುಲಿದು ಬಾಯಿಗಿಟ್ಟುಬಿಟ್ಟಿದ್ದಳು. ಸಾಹೇಬರು ಗಾಬರಿಯಿಂದ ಓಡಿಬಂದು ಅವಳ ಬಾಯಿಯ ಮುಂದೆ ಕೈಯೊಡ್ಡಿದರು.

"ಉಗುಳು, ಉಗುಳು! ಮೂವತ್ತು ವರ್ಷದ ಸಂಶೋಧನಾ ಹಾಳಾಗತೈತಿ!"