ಮನಿಗೊಂದು ಕಾರ್ಡು

ಕಾರ್ಡಿನ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದನ್ನು ಓದಿ ಡಾಕ್ಟರ್ ಕೊಟ್ಟೂರಪ್ಪ ಪೆನ್ನು ತಡೆದರು. ‘ಪೆನಿಸಿಲಿನ್ ಕೊಡಬಾರದು. ಮೈ ಬಾತು ಉಸಿರು ಕಟ್ಟಿತ್ತು.’ ಅಕ್ಷರ ಅವರದೇ. ಎದುರಿನ ಸ್ಟೂಲಿನ ಮೇಲೆ ಕರೂರಿನ ಗುಲ್ಜಾರಬೀ ಗಂಟಲು ಹಿಡಿದುಕೊಂಡು ಕೂತಿದ್ದಳು.

“ಆ ಸೂಜಿ ನಿನಗ ಆಗಿಬರಂಗಿಲ್ಲಮ್ಮ. ಹೋದ ವರ್ಷ ಮೈ ಬಾತಿತ್ತಲ್ಲ, ಮರ್ತಿಯೇನು?”

“ಅದು ನನಗಲ್ರಿ.”

ಅವರು ಕಾರ್ಡು ತಿರುಗಿಸಿದರು. ಮೂವತ್ತರ ಈ ಹೆಂಗಸಿಗೆ ಒಂದೇ ವರ್ಷದಲ್ಲಿ ಕಣ್ಣಿನ ಪೊರೆಯೂ ಬಂದಿತ್ತು, ಬಾಣಂತಿ ಜ್ವರವೂ ಬಂದಿತ್ತು.

“ಇವೆಲ್ಲ ನಿನ್ನವಲ್ಲೇನು?”

“ಪೊರೆ ನಮ್ಮತ್ತಿದು, ಜ್ವರ ನೆಗೆಣ್ಣಿದು. ರೇಷನ್ ಕಾರ್ಡಿನಂಗ ಇದೂ ಮನಿಗೊಂದೇ ಅನ್ಕಂಡಿದ್ವಿ ಡಾಕ್ಟ್ರ. ಯಾರು ಬಂದ್ರೂ ನನ್ನ ಹೆಸರೇ ಹೇಳ್ತಿದ್ವಿ. ಇವತ್ತು ಕಾಂಪೌಂಡರು ಬೈದು, ನಮ್ಮ ನಾದಿನಿ ಮದಾರಬೀಗೆ ಬ್ಯಾರೆ ಕಾರ್ಡು ಮಾಡಿಕೊಟ್ರು.”

“ಮೈ ಬಾತಿದ್ದು ಯಾರಿಗೆ?”

“ಆಕಿಗೇ ರಿ. ಈಗ ನನಗಿಂತ ಮುಂದ ನೋಡಿದ್ರಲ್ಲ, ಆಕಿಗೆ.”

ಡಾಕ್ಟರು ಎದ್ದು ಹೋಗಿ ಪಕ್ಕದ ಕೋಣೆಯ ಪರದೆ ಸರಿಸಿದರು. ಮದಾರಬೀ ಕುಪ್ಪಸದ ತೋಳು ಮೇಲೇರಿಸಿ ಮುಖ ಆಚೆ ತಿರುಗಿಸಿದ್ದಳು. ಕಾಂಪೌಂಡರ್ ಗಾದಿಲಿಂಗಪ್ಪ ಸಿರಿಂಜನ್ನು ಬೆಳಕಿಗೆ ಹಿಡಿದು ಗಾಳಿ ಹೊರಡಿಸುತ್ತಿದ್ದ.

“ಕೆಳಗಿಡಪ ಅದನ್ನ.”

ಅವಳ ಮಡಿಲಲ್ಲಿ ಹೊಸ ಕಾರ್ಡಿತ್ತು. ಅದರಲ್ಲಿ ಎಲ್ಲಿಯೂ ಕೆಂಪು ಶಾಯಿ ಇರಲಿಲ್ಲ. ಹೆಸರಿನ ಕೆಳಗೆ, ಹತ್ತು ನಿಮಿಷದ ಹಿಂದೆ ಬರೆದ ಒಂದೇ ಒಂದು ಪದ ಇತ್ತು: ಪೆನಿಸಿಲಿನ್. ಅದೂ ಅವರದೇ ಅಕ್ಷರ.