ಮನಸ್ಸಿನ ಬಿನ್ನಹ

"ಮಲ್ಲಕ್ಕ, ನಿಮ್ಮ ಬಿನ್ನಹ ಹೇಳ್ರಿ," ಎಂದರು ಪಾದ್ರಿ ಅಯ್ಯನವರು.

"ಬ್ಯಾರೆ ಏನೈತ್ರಿ ಅಯ್ಯನವರ? ಸುಧಾಕರನ ಕಾಲು ಲಗೂ ನೆಟ್ಟಗಾಗ್ಲಿ."

ಘಾಟ್ಕೋಪರಿನ ಚಾಳಿನ ಆ ಖೋಲಿಯಲ್ಲಿ ಚಾಪೆ ಹಾಸಿ ಕೂತಿದ್ದ ಹನ್ನೊಂದು ಜನರ ಬಿನ್ನಹವೂ ಆ ಶನಿವಾರ ಸಂಜೆ ಅದೇ ಆಗಿತ್ತು. ಹತ್ತೊಂಬತ್ತರ ಸುಧಾಕರ ತೊಡೆಯವರೆಗೆ ಪ್ಲಾಸ್ಟರ್ ಹಾಕಿದ ಬಲಗಾಲನ್ನು ಮಂಚದ ಮೇಲೆ ಚಾಚಿಕೊಂಡು, ಎಲ್ಲರೂ ತನ್ನ ಹೆಸರೆತ್ತಿದಾಗಲೆಲ್ಲ ಮದುಮಗನ ಹಾಗೆ ನಾಚುತ್ತಿದ್ದ. ಅವನ ತಂದೆ ಎಲೀಷಪ್ಪ ಮಾತ್ರ ಬಾಗಿಲ ಬಳಿ ಗೋಡೆಗೆ ಒರಗಿ, ತನ್ನ ಸರದಿ ಬಾರದಿದ್ದರೆ ಸಾಕು ಎಂದುಕೊಳ್ಳುತ್ತಿದ್ದ. ಪರೇಲಿನ ಮಿಲ್ಲಿನಲ್ಲಿ ಮೊದಲ ಪಾಳಿ ಮುಗಿಸಿ ಬಂದಿದ್ದ. ಇಪ್ಪತ್ತಮೂರು ವರ್ಷ ಮಗ್ಗದ ಮುಂದೆ ನಿಂತವನಿಗೆ ದಣಿವೇನೂ ಹೊಸದಲ್ಲ. ಆದರೆ ಈ ಮೂರು ವಾರದ ದಣಿವು ನಿದ್ದೆ ಮಾಡಿದರೂ ಹೋಗುತ್ತಿರಲಿಲ್ಲ, ನಿದ್ದೆಯೂ ಬರುತ್ತಿರಲಿಲ್ಲ.

ಕನ್ನಡ ಸಭೆಯವರ ಮನೆ ಪ್ರಾರ್ಥನೆಯಲ್ಲಿ ಒಂದು ರೂಢಿಯಿದೆ. ಸರದಿಯಂತೆ ಒಬ್ಬೊಬ್ಬರೂ ತಮಗೆ ಬೇಕಾದ್ದನ್ನು ಹೇಳುತ್ತಾರೆ, ಅದಕ್ಕಾಗಿ ಎಲ್ಲರೂ ಪ್ರಾರ್ಥಿಸುತ್ತಾರೆ. ಬಾಯಿಬಿಟ್ಟು ಹೇಳಲಾಗದ್ದು ಇದ್ದರೆ 'ಮನಸ್ಸಿನ ಬಿನ್ನಹ' ಎಂದರೆ ಸಾಕು. ಏನೆಂದು ಯಾರೂ ಕೇಳುವುದಿಲ್ಲ, ಆದರೂ ಅದು ಈಡೇರಲೆಂದು ಎಲ್ಲರೂ ಬೇಡುತ್ತಾರೆ. ಈಡೇರಿದ ಮೇಲೆ ಮಾತ್ರ ಎದ್ದು ನಿಂತು, ಅದು ಇಂಥದ್ದೆಂದು ಹೇಳಿ ಸ್ತೋತ್ರ ಸಲ್ಲಿಸಬೇಕು. ಸಾಮಾನ್ಯವಾಗಿ ಅದು ಸೊಸೆಯ ವಿಷಯವೋ ಗಂಡನ ಕುಡಿತದ ವಿಷಯವೋ ಆಗಿದ್ದು, ಅಷ್ಟರೊಳಗೆ ಇಡೀ ಚಾಳಿಗೇ ಗೊತ್ತಾಗಿರುತ್ತದೆ.

ಮೂರು ವಾರದ ಹಿಂದೆ, ರೈಲ್ವೆ ಮುಷ್ಕರ ಮುಗಿದು ಲೋಕಲ್‌ಗಳು ಮತ್ತೆ ಓಡತೊಡಗಿದ್ದಾಗ, ಎಲೀಷಪ್ಪ 'ಮನಸ್ಸಿನ ಬಿನ್ನಹ' ಎಂದಿದ್ದ. ಮಗನಿಗೆ ಮಿಲ್ಲಿನಲ್ಲಿ, ಬಾರದವರ ಜಾಗದಲ್ಲಿ ಆ ದಿನದ ಮಟ್ಟಿಗೆ ನಿಲ್ಲುವ ಬದಲಿ ಕೆಲಸದ ಕಾರ್ಡು ಕೊಡಿಸಲು ಅವನು ಯಾರ್ಯಾರದೋ ಕಾಲು ಹಿಡಿದಿದ್ದ. ಮಗನೋ, ಬೆಳಿಗ್ಗೆ ಗೇಟಿನ ಮುಂದೆ ನಿಂತು ಕೆಲಸ ಕೇಳಬೇಕಾದ ಹೊತ್ತಿಗೆ ಮೈದಾನದಲ್ಲಿ ಚೆಂಡಿನ ಹಿಂದೆ ಓಡುತ್ತಿದ್ದ. ಭಾನುವಾರ ಮ್ಯಾಚು, ಆರಾಧನೆಗೆ ಚಕ್ಕರ್. ಊರಿಗೆಲ್ಲ ಬುದ್ಧಿ ಹೇಳುವ ಸಭಾಹಿರಿಯನ ಮಗ ಎಲ್ಲಿ ಎಂದು ಜನ ನಗುತ್ತಾ ಕೇಳುತ್ತಿದ್ದರು. ಆ ನಗು ಎಲೀಷಪ್ಪನಿಗೆ ಚುಚ್ಚುತ್ತಿತ್ತು.

ಫುಟ್‌ಬಾಲಿನ ಮೇಲೆ ಅವನಿಗೆ ಹಗೆಯಿರಲಿಲ್ಲ, ಸಂಕಟ ಇದ್ದದ್ದೇ ಅಲ್ಲಿ. ಬೆಟಗೇರಿಯ ಮಿಶನ್ ಕಂಪೌಂಡಿನಲ್ಲಿ ಬರಿಗಾಲಲ್ಲಿ ಆಡಿ ಬೆಳೆದವನು. ಮಗನಿಗೆ ಎಡಗಾಲಲ್ಲೂ ಹೊಡೆಯಲು ಕಲಿಸಿದವನು ಅವನೇ. ಹುಡುಗ ಎಷ್ಟು ಚೆನ್ನಾಗಿ ಆಡುತ್ತಾನೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೆ ಚೆಂಡು ಅನ್ನ ಹಾಕುತ್ತದೆಯೇ? ಅಂದು ಕಣ್ಣು ಮುಚ್ಚಿ, 'ಕರ್ತನೇ, ಇವನಿಗೆ ಈ ಆಟ ಬಿಡಿಸು' ಎಂದಷ್ಟೇ ಕೇಳಿದ್ದ. ಹೇಗೆ ಬಿಡಿಸಬೇಕೆಂದು ಹೇಳಿರಲಿಲ್ಲ. ಪಕ್ಕದಲ್ಲೇ ಮೊಣಕಾಲೂರಿದ್ದ ಸುಧಾಕರ, ಅಪ್ಪನ ಬಿನ್ನಹ ಏನೇ ಇರಲಿ ಈಡೇರಲಿ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಬೇಡಿಕೊಂಡಿದ್ದ. ಮರುದಿನವೇ, ಮೊದಲ ಮಳೆಯ ಕೆಸರಿನಲ್ಲಿ ಮೂವರು ಅವನ ಮೇಲೆ ಬಿದ್ದರು, ಮೊಣಕಾಲು ಒಡೆಯಿತು. ಡಾಕ್ಟರು ಎಲೀಷಪ್ಪನನ್ನು ಆಚೆ ಕರೆದು, ಹುಡುಗ ನಡೆಯುತ್ತಾನೆ, ಆಡುವುದನ್ನು ಮಾತ್ರ ಮರೆತುಬಿಡಿ ಎಂದರು. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ, ಮಗನಿಗೂ ಹೇಳಿರಲಿಲ್ಲ.

"ಎಲೀಷಪ್ಪನವರ, ಈಗ ನಿಮ್ದು," ಎಂದರು ಅಯ್ಯನವರು.

ಅವನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮಲ್ಲಕ್ಕ ಬಾಯಿ ಹಾಕಿದಳು. "ನಿಂದು ಆವತ್ತಿನ ಮನಸಿನ ಬಿನ್ನಹ ಒಂದು ಹಂಗ ಉಳದೈತಲ್ಲೋ ತಮ್ಮಾ. ಕರ್ತ ಉತ್ತರ ಕೊಟ್ಟನೇನು? ಕೊಟ್ಟಿದ್ರ ಎದ್ದು ಸ್ತೋತ್ರ ಹೇಳು."

ಬಾಯಲ್ಲಿ ಬಿಸಿ ತುಪ್ಪ. ಹೇಳಿಬಿಡೋಣ ಅನ್ನಿಸಿತು. ಒಬ್ಬನೇ ಹೊತ್ತು ಹೊತ್ತು ಅವನಿಗೆ ಸಾಕಾಗಿತ್ತು. ಮಂಚದ ಕಡೆ ನೋಡಿದ. ಮಗ ನಗುತ್ತಾ ಅವನನ್ನೇ ನೋಡುತ್ತಿದ್ದ.

"ಇಲ್ಲಕ್ಕ," ಎಂದ. "ಇನ್ನೂ ಕೊಟ್ಟಿಲ್ಲ."

ಪ್ರಾರ್ಥನೆಗೆ ಕೂತು ಅವನು ಆಡಿದ ಮೊದಲ ಸುಳ್ಳು ಅದು.

"ಅಯ್ಯನವರ, ನನ್ನ ಟರ್ನ್ ಐತಲ್ಲ?" ಸುಧಾಕರ ಕೈ ಎತ್ತಿದ. "ಎಲ್ಲಾರೂ ನನ್ನ ಕಾಲಿನ ಸಲುವಾಗಿ ಕೇಳ್ಯಾರ, ಬಸ್, ಬಹುತ್ ಹೋ ಗಯಾ. ಆಗಸ್ಟ್‌ನ್ಯಾಗ ಪ್ಲಾಸ್ಟರ್ ತೆಗೀತಾರ, ಸೀಸನ್ನಿನ ಕಡೀ ಮ್ಯಾಚ್‌ಗಳಾದ್ರೂ ಸಿಗ್ತಾವ. ಆದ್ರ ಅಪ್ಪಾ ಮೂರು ವಾರದಿಂದ ನಿದ್ದಿ ಮಾಡಿಲ್ಲ, ನಾ ದಿನಾ ನೋಡ್ತೀನಿ. ನನ್ನ ಬಿನ್ನಹ ಇಷ್ಟರಿ. ಅಪ್ಪಾ ಆವತ್ತು ಏನು ಕೇಳ್ಯಾನ, ಅದು ಪೂರಾ ಆಗ್ಲಿ."

ಎಲೀಷಪ್ಪನ ಹೆಂಡತಿ ಮಾರ್ಥಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಪುಣ್ಯಾ ಮಾಡೀಯೋ ಎಲೀಷಪ್ಪ, ಎಂಥಾ ಮಗನ್ನ ಕೊಟ್ಟಾನ," ಎಂದಳು ಮಲ್ಲಕ್ಕ. "ಅದನ್ನ ಮೊದಲ ಕೇಳೋಣ್ರಿ," ಎಂದು ಅಯ್ಯನವರು ಮೊಣಕಾಲೂರಿದರು. ಎಲ್ಲರೂ ಊರಿದರು, ಎಲ್ಲರ ಕಣ್ಣೂ ಮುಚ್ಚಿದವು.

ಎಲೀಷಪ್ಪನಿಗೆ ಕಣ್ಣು ಮುಚ್ಚಲಾಗಲಿಲ್ಲ. ಮಂಚದ ಮೇಲಿಂದ ಸುಧಾಕರನ ದನಿ ಎಲ್ಲರಿಗಿಂತ ಗಟ್ಟಿಯಾಗಿ ಕೇಳಿಸಿತು. "ಕರ್ತನೇ, ನಮ್ಮಪ್ಪನ ಬಿನ್ನಹ..."

ಎಲೀಷಪ್ಪ ಎದ್ದ. ಮೊಣಕಾಲೂರಿದವರ ನಡುವೆ ದಾರಿ ಮಾಡಿಕೊಂಡು ಮಂಚದ ಬಳಿ ಹೋಗಿ, ಮಗನ ಬಾಯನ್ನು ಅಂಗೈಯಿಂದ ಮುಚ್ಚಿದ.